ಪಶ್ಚಿಮದ ಹೆಣ್ಣುಮಕ್ಕಳು

1989ರ ಅಕ್ಟೋಬರ್ ಮೊದಲ ವಾರದಲ್ಲಿ ಮೆಲ್ಬರ್ನ್ ನಗರದ ಪಶ್ಚಿಮ ಭಾಗದ ಜನರಿಗೆ ಸಿಡಿಲೆರಗಿದಂಥ ಸುದ್ದಿ ಬಂತು. ನೂರು ವರ್ಷ ದಾಟಿದ ಫುಟ್‌ಸ್ಕ್ರೇ ಫುಟ್‌ಬಾಲ್ ಕ್ಲಬ್ ಇನ್ನು ಮುಂದೆ ಇರುವುದಿಲ್ಲ. ಸಾಲ ಕುತ್ತಿಗೆಗೆ ಬಂದಿದೆ. ಹಾಗಾಗಿ ಲೀಗ್ ನಡೆಸುವವರು ಅದನ್ನು ನಗರದ ಇನ್ನೊಂದು ಮಗ್ಗುಲಿನ ಫಿಟ್ಜ್‌ರಾಯ್ ಕ್ಲಬ್ಬಿನೊಳಗೆ ವಿಲೀನಗೊಳಿಸಿ ‘ಫಿಟ್ಜ್‌ರಾಯ್ ಬುಲ್‌ಡಾಗ್ಸ್’ ಎಂಬ ಹೊಸ ತಂಡ ಕಟ್ಟಲಿದ್ದಾರೆ. ಕೆಂಪು, ಬಿಳಿ, ನೀಲಿ ಬಣ್ಣದ ಜರ್ಸಿ ತೊಟ್ಟು ಬೆಳೆದ ತಲೆಮಾರುಗಳಿಗೆ ಯಾರೂ ಒಂದು ಮಾತು ಕೇಳಿರಲಿಲ್ಲ.

ಆಗ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಐರಿನ್ ಚಾಟ್‌ಫೀಲ್ಡ್ ಎಂಬ ಮಹಿಳೆಯ ಹೆಸರು ಮೊದಲಿಗೆ ಬರುತ್ತದೆ. ಆಕೆ ಕ್ಲಬ್ಬಿನ ಅಧ್ಯಕ್ಷೆಯೂ ಅಲ್ಲ, ಹಣವಂತೆಯೂ ಅಲ್ಲ, ತಂಡದ ಅಭಿಮಾನಿ ಅಷ್ಟೆ. ಆಕೆಯ ಹೆಸರಿನಲ್ಲಿ ಲೀಗ್ ವಿರುದ್ಧ ಹೂಡಿದ ದಾವೆಯಿಂದ ವಿಲೀನಕ್ಕೆ ತಾತ್ಕಾಲಿಕ ತಡೆ ಸಿಕ್ಕಿತು. ಸಿಕ್ಕ ಸಮಯ ಬರೀ ಮೂರು ವಾರ. ಆ ಮೂರು ವಾರದಲ್ಲಿ ಸುಮಾರು 15 ಲಕ್ಷ ಡಾಲರ್ ಕೂಡಿಸಬೇಕಿತ್ತು. ಪೀಟರ್ ಗಾರ್ಡನ್ ಎಂಬ ಯುವ ವಕೀಲ ಮುಂದಾಳತ್ವ ವಹಿಸಿದ. ತಂಡದ ಮೈದಾನದಲ್ಲಿ ಸಾವಿರಾರು ಜನ ಸೇರಿದರು. ಡಬ್ಬಿ ಹಿಡಿದು ಮನೆಮನೆ ಬಾಗಿಲು ತಟ್ಟಿದರು. ಪಿಂಚಣಿಯಲ್ಲಿ ಬದುಕುವ ಮುದುಕಿಯರೂ ಕೈಲಾದಷ್ಟು ಹಾಕಿದರು. ಕ್ಲಬ್ ಉಳಿಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ಪುರುಷರ ತಂಡದ ಚರಿತ್ರೆಯ ಒಂದು ಅಧ್ಯಾಯವಾಗಿ ಹೇಳಿ ಮುಗಿಸುತ್ತಾರೆ. ಆದರೆ ಇಪ್ಪತ್ತೆಂಟು ವರ್ಷಗಳ ಬಳಿಕ ಅದೇ ಕ್ಲಬ್ಬಿನ ಹೆಸರಿನಲ್ಲಿ, ಅದೇ ಬಣ್ಣದ ಜರ್ಸಿಯಲ್ಲಿ, ಸಂಬಳ ಪಡೆದು ಆಡುವ ಮಹಿಳೆಯರ ತಂಡ ಕಣಕ್ಕಿಳಿದಾಗ ಅದು ಯಾರೋ ಕೊಟ್ಟ ದಾನವಾಗಿರಲಿಲ್ಲ. ಬಹುಕಾಲದಿಂದ ಬಾಕಿ ಉಳಿದಿದ್ದ ಲೆಕ್ಕದ ಮೊದಲ ಕಂತು ಅದು. ಈಗ ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ಹೆಸರಿರುವ ಈ ಕ್ಲಬ್ಬಿನ ಮಹಿಳಾ ತಂಡದ ಹಿಂದಿನ ನೂರು ವರ್ಷವನ್ನು ನೋಡದೆ ಆ ತಂಡವನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನಮ್ಮವರಿಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ಅದರ ನಿಯಮಗಳನ್ನು ಮೊದಲು ಬರೆದಿಟ್ಟದ್ದು 1859ರಲ್ಲಿ, ಮೆಲ್ಬರ್ನ್‌ನಲ್ಲಿ. ಚಳಿಗಾಲದಲ್ಲಿ ಖಾಲಿ ಬೀಳುವ ಕ್ರಿಕೆಟ್ ಮೈದಾನಗಳಲ್ಲೇ ಆಡುತ್ತಾರೆ, ಹಾಗಾಗಿ ಅಂಗಳ ಅಂಡಾಕಾರ, ಚೆಂಡೂ ಅಂಡಾಕಾರ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಅದಕ್ಕೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಚೆಂಡನ್ನು ಎಸೆಯುವಂತಿಲ್ಲ, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಸಾಗಿಸಬೇಕು, ಇಲ್ಲವೇ ಒದೆಯಬೇಕು. ಹಿಡಿದುಕೊಂಡು ಓಡುವವರು ಹದಿನೈದು ಮೀಟರಿಗೊಮ್ಮೆ ಚೆಂಡನ್ನು ನೆಲಕ್ಕೆ ಮುಟ್ಟಿಸಲೇಬೇಕು. ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಯಾರೂ ಮೈಮೇಲೆ ಬೀಳದಂತೆ ಒದೆಯುವ ಹಕ್ಕು ಸಿಗುತ್ತದೆ. ಎದುರಾಳಿಯ ಭುಜದ ಮೇಲೆ ಮೊಣಕಾಲೂರಿ ಗಾಳಿಗೆ ಹಾರಿ ಚೆಂಡು ಹಿಡಿಯುವ ದೃಶ್ಯವೇ ಈ ಆಟದ ಹೆಗ್ಗಳಿಕೆ. ಪುರುಷರಲ್ಲಿ ಒಂದು ಕಡೆ 18 ಜನ, ಮಹಿಳೆಯರ ಲೀಗ್‌ನಲ್ಲಿ 16 ಜನ, ಚೆಂಡು ತುಸು ಚಿಕ್ಕದು. ಮಿಕ್ಕಂತೆ ಬಿಗಿತಬ್ಬಿ ನೆಲಕ್ಕುರುಳಿಸುವುದು, ಡಿಕ್ಕಿ, ಕೆಸರು, ಮೂಗೇಟು ಎಲ್ಲ ಒಂದೇ.

ಫುಟ್‌ಸ್ಕ್ರೇ ದುಡಿಯುವವರ ಊರು. ಮರಿಬಿರ್ನಾಂಗ್ ನದಿಯಾಚೆ ಕಲ್ಲು ಗಣಿ, ಕಸಾಯಿಖಾನೆ, ಚರ್ಮ ಹದಮಾಡುವ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ, ಹಗ್ಗದ ಕಾರ್ಖಾನೆ, ಪಕ್ಕದ ಯಾರವಿಲ್‌ನಲ್ಲಿ ಸಕ್ಕರೆ ಶುದ್ಧೀಕರಣ ಘಟಕ. ನಗರದ ಪೂರ್ವಕ್ಕಿದ್ದ ಉಳ್ಳವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗ. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್, ಯುಗೊಸ್ಲಾವಿಯಾದಿಂದ, 1975ರ ನಂತರ ವಿಯೆಟ್ನಾಂನಿಂದ ಬಂದವರು ಇಲ್ಲಿ ನೆಲೆ ಕಂಡರು. ಈಗ ಇನ್ನೂ ಪಶ್ಚಿಮಕ್ಕೆ ಹೋದರೆ ಟಾರ್ನೀಟ್, ಟ್ರುಗನೀನಾ ಬಡಾವಣೆಗಳಲ್ಲಿ ಭಾರತೀಯರ ಮನೆಗಳೇ ಸಾಲುಸಾಲು. ಕನ್ನಡ ಮಾತಾಡುವ ಕುಟುಂಬಗಳೂ ಅವುಗಳಲ್ಲಿ ಇವೆ. ಆ ಮಕ್ಕಳಿಗೆ ಹತ್ತಿರದ ದೊಡ್ಡ ಕ್ಲಬ್ ಎಂದರೆ ಇದೇ.

ಕ್ಲಬ್ಬಿನ ಬೇರು 1877ಕ್ಕೆ ಹೋಗುತ್ತದೆ ಎಂದು ಒಂದು ಲೆಕ್ಕ, 1883 ಎಂದು ಇನ್ನೊಂದು. ದೊಡ್ಡವರ ಲೀಗ್‌ಗೆ ಅದನ್ನು ಬಹಳ ಕಾಲ ಸೇರಿಸಿಕೊಂಡಿರಲಿಲ್ಲ. 1924ರಲ್ಲಿ ಎರಡನೇ ದರ್ಜೆಯ ಲೀಗ್‌ನ ಚಾಂಪಿಯನ್ ಆಗಿದ್ದ ಫುಟ್‌ಸ್ಕ್ರೇ, ಮೊದಲ ದರ್ಜೆಯ ಚಾಂಪಿಯನ್ ಎಸ್ಸೆಂಡನ್ ತಂಡವನ್ನು ಒಂದು ಸಹಾಯಾರ್ಥ ಪಂದ್ಯದಲ್ಲಿ ಸೋಲಿಸಿ ಎಲ್ಲರ ಬಾಯಿ ಮುಚ್ಚಿಸಿತು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಆ ಕಾಲದ ಪ್ರಖ್ಯಾತ ಗಾಯಕಿ ಡೇಮ್ ನೆಲ್ಲಿ ಮೆಲ್ಬಾ ನಡೆಸುತ್ತಿದ್ದ ನಿಧಿಗೆ ಆ ಪಂದ್ಯದ ಹಣ ಹೋಯಿತು. ಮರುವರ್ಷವೇ, 1925ರಲ್ಲಿ, ಫುಟ್‌ಸ್ಕ್ರೇಗೆ ದೊಡ್ಡ ಲೀಗ್‌ನ ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ 1954ರಲ್ಲಿ ಚಾರ್ಲಿ ಸಟನ್ ನಾಯಕತ್ವದಲ್ಲಿ ಒಂದು ಪ್ರಶಸ್ತಿ. ಆಮೇಲೆ ಬರಗಾಲ. ಟೆಡ್ ವಿಟನ್‌ನಂಥ ದಿಗ್ಗಜ ಆಡಿದರೂ ಎರಡನೇ ಪ್ರಶಸ್ತಿ ಬರಲು 62 ವರ್ಷ ಬೇಕಾಯಿತು. 1995ರಲ್ಲಿ ವಿಟನ್ ತೀರಿಕೊಂಡಾಗ ತಂಡದ ಮೈದಾನಕ್ಕೆ ಅವನ ನೆನಪಿಗೆ ‘ವಿಟನ್ ಓವಲ್’ ಎಂದು ಹೆಸರಿಟ್ಟರು. 1997ರ ಋತುವಿನಿಂದ ತಂಡ ‘ವೆಸ್ಟರ್ನ್ ಬುಲ್‌ಡಾಗ್ಸ್’ ಆಯಿತು, ಇಡೀ ಪಶ್ಚಿಮ ಭಾಗವನ್ನು ತನ್ನದೆನ್ನುವ ಹಂಬಲದಿಂದ.

ಈ ಚರಿತ್ರೆಯುದ್ದಕ್ಕೂ ಹೆಂಗಸರು ಎಲ್ಲಿದ್ದರು? ಮೈದಾನದ ಸುತ್ತ, ಮೊದಲ ದಿನದಿಂದಲೂ. ಹತ್ತೊಂಬತ್ತನೇ ಶತಮಾನದ ಬೇರೆ ಫುಟ್‌ಬಾಲ್ ಆಟಗಳಿಗೆ ಹೋಲಿಸಿದರೆ ಈ ಆಟದ ಪ್ರೇಕ್ಷಕರಲ್ಲಿ ಹೆಂಗಸರ ಪಾಲು ತುಂಬ ದೊಡ್ಡದು. ಆದರೆ ಹಗ್ಗದಾಚೆ ಕಾಲಿಡುವ ಅವಕಾಶ ಅವರಿಗೆ ಸಿಕ್ಕಿದ್ದು ಯುದ್ಧಕಾಲದಲ್ಲಿ, ಅದೂ ಕಾರ್ಖಾನೆ ಮತ್ತು ಅಂಗಡಿಗಳ ಮೂಲಕ. 1915ರಲ್ಲಿ ಪರ್ತ್‌ನಲ್ಲಿ ದೊಡ್ಡ ಅಂಗಡಿಗಳಲ್ಲಿ ಕೆಲಸಕ್ಕಿದ್ದ ಹುಡುಗಿಯರು ಆಡಿದರು. 1918ರಲ್ಲಿ ಬಲ್ಲಾರಟ್ ಪಟ್ಟಣದಲ್ಲಿ ಲ್ಯೂಕಸ್ ಬಟ್ಟೆ ಕಾರ್ಖಾನೆಯ ಹುಡುಗಿಯರು, ಮೆಲ್ಬರ್ನ್‌ನಿಂದ ಬಂದ, ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ‘ಖಾಕಿ ಹುಡುಗಿಯರ’ ವಿರುದ್ಧ ಆಡಿದರು. ಇವೆಲ್ಲ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಪಂದ್ಯಗಳು. 1929ರಲ್ಲಿ ಅಡಿಲೇಡ್ ಓವಲ್‌ನಲ್ಲಿ ನಡೆದ ಹೆಂಗಸರ ಪಂದ್ಯಕ್ಕೆ ಸುಮಾರು 41,000 ಜನ ಬಂದಿದ್ದರೆಂದು ದಾಖಲೆಯಿದೆ.

ಆ ಸಂಖ್ಯೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಹೆಂಗಸರ ಆಟ ನೋಡಲು ಜನ ಬರುವುದಿಲ್ಲ ಎಂಬ ಮಾತನ್ನು ಮುಂದಿನ ಎಂಬತ್ತು ವರ್ಷ ಈ ಕ್ರೀಡೆಯ ಆಡಳಿತಗಾರರು ಹೇಳುತ್ತಲೇ ಬಂದರು. ಜನ ಬಂದಿದ್ದರು. ಕಾರ್ಖಾನೆಯ ಹುಡುಗಿಯರು ಆಡುವುದನ್ನು ನೋಡಿ, ಚಪ್ಪಾಳೆ ತಟ್ಟಿ, ದುಡ್ಡು ಕೊಟ್ಟು ಹೋಗಿದ್ದರು. ಯುದ್ಧ ಮುಗಿದು ಗಂಡಸರು ಮರಳಿದ ಮೇಲೆ, ನಿಧಿ ತುಂಬಿದ ಮೇಲೆ, ಮೈದಾನವನ್ನು ಹೆಂಗಸರಿಂದ ವಾಪಸು ಪಡೆಯಲಾಯಿತು. ಲೀಗ್ ಇಲ್ಲ, ತರಬೇತಿ ಇಲ್ಲ, ಮುಂದಿನ ವರ್ಷದ ಪಂದ್ಯದ ಭರವಸೆಯೂ ಇಲ್ಲ. ಹೀಗೆ ಪ್ರತಿ ತಲೆಮಾರೂ ಶೂನ್ಯದಿಂದ ಶುರು ಮಾಡಬೇಕಾಯಿತು.

ಕೊನೆಗೂ ನೆಲೆ ಸಿಕ್ಕಿದ್ದು 1981ರಲ್ಲಿ, ವಿಕ್ಟೋರಿಯನ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಹುಟ್ಟಿದಾಗ. ಮೊದಲಿಗೆ ಇದ್ದದ್ದು ನಾಲ್ಕೇ ತಂಡ. ಆಟಗಾರ್ತಿಯರೇ ಚಂದಾ ಎತ್ತಬೇಕು, ಗೆರೆ ಬಳಿಯಬೇಕು, ಗಂಡಸರ ತಂಡಗಳಿಗೆ ಬೇಡವಾದ ಮೈದಾನಗಳಲ್ಲಿ ಆಡಬೇಕು. ಪಶ್ಚಿಮ ಮೆಲ್ಬರ್ನ್‌ನ ಸೇಂಟ್ ಆಲ್ಬನ್ಸ್‌ನಲ್ಲಿ ‘ಸ್ಪರ್ಸ್’ ಎಂಬ ತಂಡವಿತ್ತು. ಮುಂದೆ ಅದು ವೆಸ್ಟರ್ನ್ ಸ್ಪರ್ಸ್ ಆಯಿತು. ಆ ತಂಡದ ಡೆಬ್ಬಿ ಲೀ ಐದು ಸಲ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಗೆದ್ದಳು. ಆಡುತ್ತ ಆಡುತ್ತಲೇ ಲೀಗ್‌ನ ಅಧ್ಯಕ್ಷೆಯಾಗಿ ಸುಮಾರು ಎಂಟು ವರ್ಷ ಅದನ್ನು ನಡೆಸಿದಳು. ಸಂಬಳವಿಲ್ಲ, ಟಿವಿ ಇಲ್ಲ, ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ. ಆಕೆಯ ಉತ್ತುಂಗದ ದಿನಗಳನ್ನು ನೋಡಿದವರು ಬೆರಳೆಣಿಕೆಯ ಮಂದಿ. 2021ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಮಹಿಳಾ ಆಟಗಾರ್ತಿ ಆಕೆಯೇ. ಅಷ್ಟರಲ್ಲಿ ಆಕೆ ಬುಲ್‌ಡಾಗ್ಸ್ ಕ್ಲಬ್ಬಿನಲ್ಲಿ ಮಹಿಳಾ ಫುಟ್‌ಬಾಲ್ ವಿಭಾಗದ ಹೊಣೆಯನ್ನೂ ಹೊತ್ತಾಗಿತ್ತು.

ಇನ್ನೊಂದು ತೊಡಕು ಬಾಲ್ಯದಲ್ಲೇ ಇತ್ತು. ವಿಕ್ಟೋರಿಯಾದಲ್ಲಿ ಹುಡುಗಿಯರು ಹನ್ನೆರಡು ವರ್ಷದವರೆಗೆ ಹುಡುಗರ ಜೊತೆ ಆಡಬಹುದಿತ್ತು. ಅಲ್ಲಿಗೆ ಬಾಗಿಲು ಮುಚ್ಚುತ್ತಿತ್ತು. ಮುಂದೆ ಆಡಬೇಕೆಂದರೆ ದೊಡ್ಡ ಹೆಂಗಸರ ಲೀಗ್‌ಗೆ ಸೇರುವ ವಯಸ್ಸಿನವರೆಗೂ ಕಾಯಬೇಕು. ಆಟ ಕಲಿಯುವ ಮುಖ್ಯ ವರ್ಷಗಳು ಹೀಗೆ ಪೋಲಾಗುತ್ತಿದ್ದವು. ಪೆನ್ನಿ ಕುಲಾ-ರೀಡ್ ಮತ್ತು ಇನ್ನಿಬ್ಬರು ಹುಡುಗಿಯರು ಇದನ್ನು ನ್ಯಾಯಮಂಡಳಿಗೆ ಒಯ್ದರು. 2004ರಲ್ಲಿ ಬಂದ ತೀರ್ಪು ಅವರಿಗೆ ಪೂರ್ತಿ ಒಲಿಯಲಿಲ್ಲ. ಆದರೂ ಅದರಿಂದ ಎದ್ದ ಒತ್ತಡಕ್ಕೆ ಹುಡುಗಿಯರದೇ ಪ್ರತ್ಯೇಕ ಸ್ಪರ್ಧೆ ಶುರುವಾಯಿತು. ಮುಂದೆ ವೃತ್ತಿಪರ ಲೀಗ್‌ಗೆ ಬಂದ ಅನೇಕ ಆಟಗಾರ್ತಿಯರು ಆ ಸ್ಪರ್ಧೆಯ ಮೂಲಕವೇ ಬಂದವರು. ಕುಲಾ-ರೀಡ್ ಕೂಡ ಕಾಲಿಂಗ್‌ವುಡ್ ಪರ ಆ ಲೀಗ್‌ನಲ್ಲಿ ಆಡಿದಳು.

ಈಗ ಸೂಸನ್ ಆಲ್ಬರ್ಟಿಯ ವಿಷಯಕ್ಕೆ ಬರಬೇಕು, ಯಾಕೆಂದರೆ ಆಕೆಯಿಲ್ಲದೆ ಈ ತಂಡ ಇಷ್ಟು ಬೇಗ ಹುಟ್ಟುತ್ತಿರಲಿಲ್ಲ. 1947ರಲ್ಲಿ ಹುಟ್ಟಿದ ಆಕೆ ಬಾಲ್ಯದಿಂದ ಫುಟ್‌ಸ್ಕ್ರೇ ಅಭಿಮಾನಿ. ಹುಡುಗರ ಜೊತೆ ಒದೆಯುತ್ತ ಬೆಳೆದವಳಿಗೆ ಹದಿನೈದರ ಹೊತ್ತಿಗೆ ಇನ್ನು ಆಡಬೇಡ, ಇದು ಹುಡುಗಿಯರ ಆಟವಲ್ಲ ಎಂಬ ಮಾತು ಬಂತು. ಆ ನೋವನ್ನು ಆಕೆ ಬಹಿರಂಗವಾಗಿ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಕಟ್ಟಡ ನಿರ್ಮಾಣ ಉದ್ಯಮದಲ್ಲಿ, ಗಂಡಸರ ನಡುವೆ, ದುಡಿದು ದೊಡ್ಡವಳಾದಳು. 1995ರಲ್ಲಿ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡ. 2001ರಲ್ಲಿ ಒಬ್ಬಳೇ ಮಗಳು ಮಧುಮೇಹದ ತೊಡಕಿನಿಂದ ಹೋದಳು. ಮಧುಮೇಹದ ಸಂಶೋಧನೆಗೆ ಆಕೆ ಕೊಟ್ಟ, ಕೊಡಿಸಿದ ಹಣ ದೊಡ್ಡ ಮೊತ್ತದ್ದು. ಅದೇ ಛಲವನ್ನು ಬುಲ್‌ಡಾಗ್ಸ್ ಕ್ಲಬ್ಬಿನ ಆಡಳಿತ ಮಂಡಳಿಗೂ ತಂದಳು. ಉಪಾಧ್ಯಕ್ಷೆಯಾಗಿ ಕುಳಿತು ಒಂದೇ ಮಾತನ್ನು ಸಭೆಯಿಂದ ಸಭೆಗೆ ಹೇಳಿದಳು: ನಮ್ಮ ಹುಡುಗಿಯರಿಗೂ ತಂಡ ಬೇಕು. ಹೆಂಗಸರ ಲೀಗ್‌ಗೆ ಸ್ವಂತ ಹಣ ಕೊಟ್ಟಳು. ಆಗ ಕ್ಲಬ್ಬಿನ ಅಧ್ಯಕ್ಷ ಯಾರೆಂದರೆ, 1989ರಲ್ಲಿ ಕ್ಲಬ್ ಉಳಿಸಿದ್ದ ಅದೇ ಪೀಟರ್ ಗಾರ್ಡನ್. 2012ರ ಕೊನೆಯಲ್ಲಿ ಆ ಕುರ್ಚಿಗೆ ಮರಳಿದ್ದ.

2013ರ ಜೂನ್ 29ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಮೆಲ್ಬರ್ನ್ ಮತ್ತು ವೆಸ್ಟರ್ನ್ ಬುಲ್‌ಡಾಗ್ಸ್ ಹೆಸರಿನ ಎರಡು ಮಹಿಳಾ ತಂಡಗಳು ಪ್ರದರ್ಶನ ಪಂದ್ಯ ಆಡಿದವು. ದೊಡ್ಡ ಕ್ಲಬ್ಬುಗಳ ಜರ್ಸಿ ತೊಟ್ಟು, ರಾಷ್ಟ್ರೀಯ ಲೀಗ್‌ನ ಮುದ್ರೆಯೊಂದಿಗೆ ಹೆಂಗಸರು ಆಡಿದ ಮೊದಲ ಪಂದ್ಯ ಅದು. ಮೆಲ್ಬರ್ನ್ ಕಡೆಯಿಂದ ಡೆಬ್ಬಿ ಲೀ, ಬುಲ್‌ಡಾಗ್ಸ್ ಕಡೆಯಿಂದ ಆಲ್ಬರ್ಟಿ ಇದಕ್ಕಾಗಿ ದುಡಿದಿದ್ದರು. ಮಹಿಳಾ ಫುಟ್‌ಬಾಲಿನ ಹಿರಿಯರಾದ ಬಾರ್ಬ್ ಹ್ಯಾಂಪ್ಸನ್ ಮತ್ತು ಲೀಸಾ ಹಾರ್ಡೆಮನ್ ಅವರ ಹೆಸರನ್ನು ಕಪ್‌ಗೆ ಇಟ್ಟರು. ಡೇಸಿ ಪಿಯರ್ಸ್ ತಂಡವಾದ ಮೆಲ್ಬರ್ನ್ ಗೆದ್ದಿತು. ಪಿಯರ್ಸ್ ಆಗ ಸೂಲಗಿತ್ತಿ ನರ್ಸ್. ಹೆರಿಗೆ ವಾರ್ಡಿನ ಪಾಳಿಗಳ ನಡುವೆ ಅಭ್ಯಾಸ ಮಾಡಿದ್ದವಳು.

ನಂತರದ ವರ್ಷಗಳಲ್ಲಿ ಇದೇ ಎರಡು ಕ್ಲಬ್‌ಗಳ ಪಂದ್ಯ ಮುಂದುವರಿಯಿತು. 2015ರಲ್ಲಿ ಅದನ್ನು ಟಿವಿಯಲ್ಲಿ ನೇರಪ್ರಸಾರ ಮಾಡಿದಾಗ, ಅದೇ ವಾರಾಂತ್ಯದ ಪುರುಷರ ಪಂದ್ಯವೊಂದಕ್ಕಿಂತ ಹೆಚ್ಚು ಜನ ಮೆಲ್ಬರ್ನ್‌ನಲ್ಲಿ ಅದನ್ನು ನೋಡಿದ್ದರು. ರಾಷ್ಟ್ರೀಯ ಮಹಿಳಾ ಲೀಗ್ 2020ಕ್ಕೆ ಎಂದು ಯೋಜನೆ ಹಾಕಿಕೊಂಡಿದ್ದ ಆಡಳಿತಗಾರರು ಮತ್ತೆ ಲೆಕ್ಕ ಹಾಕಿ 2017ಕ್ಕೇ ಶುರು ಮಾಡುತ್ತೇವೆಂದರು. 2016ರ ಜೂನ್‌ನಲ್ಲಿ ಎಂಟು ಕ್ಲಬ್‌ಗಳಿಗೆ ತಂಡ ಸಿಕ್ಕಿತು, ಬುಲ್‌ಡಾಗ್ಸ್ ಅದರಲ್ಲೊಂದು. ಸೆಪ್ಟೆಂಬರ್ 3ರ ಶನಿವಾರ ರಾತ್ರಿ ವಿಟನ್ ಓವಲ್‌ನಲ್ಲಿ ಮತ್ತೊಂದು ಪ್ರದರ್ಶನ ಪಂದ್ಯ. ಮೊವಾನಾ ಹೋಪ್ ಬುಲ್‌ಡಾಗ್ಸ್ ಪರ ಆರು ಗೋಲು ಬಾರಿಸಿದಳು. ಒಂದು ಹಂತದಲ್ಲಿ ದೇಶದಾದ್ಯಂತ ಹತ್ತು ಲಕ್ಷಕ್ಕೂ ಮೀರಿ ಜನ ಟಿವಿ ಮುಂದೆ ಇದ್ದರು. ಸರಿಯಾಗಿ ನಾಲ್ಕು ವಾರಕ್ಕೆ, ಅಕ್ಟೋಬರ್ 1ರಂದು, ಬುಲ್‌ಡಾಗ್ಸ್ ಪುರುಷರ ತಂಡ ಸಿಡ್ನಿಯನ್ನು ಸೋಲಿಸಿ 62 ವರ್ಷದ ಬರವನ್ನು ನೀಗಿಸಿತು. ಫುಟ್‌ಸ್ಕ್ರೇ ಬೀದಿಗಳಲ್ಲಿ ಅತ್ತವರಿಗೆ ಲೆಕ್ಕವಿಲ್ಲ.

ಲೀಗ್‌ನ ಮೊದಲ ಪಂದ್ಯ 2017ರ ಫೆಬ್ರುವರಿ 3ರಂದು ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ನಡುವೆ. 24,568 ಜನ ಸೇರಿ ಗೇಟು ಮುಚ್ಚಬೇಕಾಯಿತು. ಒಳಗೆ ಹೋಗಲಾಗದೆ ನಿಂತವರ ಬಳಿ ಲೀಗ್‌ನ ಮುಖ್ಯಸ್ಥ ಗಿಲ್ಲನ್ ಮೆಕ್‌ಲಾಕ್ಲನ್ ತಾನೇ ಬಂದು ಕ್ಷಮೆ ಕೇಳಿದ. ಮರುದಿನ ವಿಟನ್ ಓವಲ್‌ನಲ್ಲಿ ಬುಲ್‌ಡಾಗ್ಸ್ ತಮ್ಮ ಮೊದಲ ಪಂದ್ಯದಲ್ಲಿ ಫ್ರೀಮ್ಯಾಂಟಲ್ ತಂಡವನ್ನು ಸೋಲಿಸಿದರು. ನಾಯಕಿ ಕೇಟೀ ಬ್ರೆನನ್, ಕೋಚ್ ಪಾಲ್ ಗ್ರೋವ್ಸ್. ಕ್ಲಬ್ಬಿನ ಹಳೆಯ ಹಾಡು ಪಶ್ಚಿಮದ ಗಂಡುಮಕ್ಕಳನ್ನು ಕುರಿತದ್ದು. ಗೆದ್ದ ತಂಡ ಅದನ್ನು ಪಶ್ಚಿಮದ ಹೆಣ್ಣುಮಕ್ಕಳೆಂದು ಬದಲಿಸಿ ಹಾಡಿತು. ಆ ವರ್ಷ ಗೆದ್ದದ್ದು ಎರಡೇ ಪಂದ್ಯ.

ಸಂಭ್ರಮದ ಹಿಂದಿನ ಸಂಬಳದ ಪಟ್ಟಿಯನ್ನೂ ಹೇಳಲೇಬೇಕು. ಮೊದಲ ವರ್ಷ ಪ್ರತಿ ಕ್ಲಬ್ಬಿನ ಇಬ್ಬರು ತಾರೆಯರಿಗೆ ತಲಾ 27,000 ಡಾಲರ್, ಇನ್ನು ಕೆಲವರಿಗೆ 12,000. ಮಿಕ್ಕ ಬಹುತೇಕರಿಗೆ 8,500. ಅದೇ ಕಾಲದಲ್ಲಿ ಪುರುಷರ ಸರಾಸರಿ ಸಂಬಳ ವರ್ಷಕ್ಕೆ ಮೂರು ಲಕ್ಷ ಡಾಲರ್ ಆಸುಪಾಸು. ಹುಡುಗಿಯರು ಹಗಲಿಗೆ ಶಾಲೆಯಲ್ಲಿ ಪಾಠ ಹೇಳಿ, ಆಸ್ಪತ್ರೆಯಲ್ಲಿ ದುಡಿದು, ಕಾಲೇಜಿಗೆ ಹೋಗಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು. ಮಂಡಿಯ ಅಸ್ಥಿರಜ್ಜು ಹರಿದರೆ ವರ್ಷವಿಡೀ ಮನೆಯಲ್ಲಿ; ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಬುಲ್‌ಡಾಗ್ಸ್ 2017ರಲ್ಲಿ ಮೊದಲ ಆಯ್ಕೆಯಾಗಿ ತಂದ ಇಸಾಬೆಲ್ ಹಂಟಿಂಗ್ಟನ್‌ಗೆ ಆ ಗಾಯ ಮತ್ತೆ ಮತ್ತೆ ಕಾಡಿತು. ಇಂಥ ಕೂಲಿಗೆ ಇಂಥ ಮೈ ಒಡ್ಡುವವರನ್ನು ವೃತ್ತಿಪರರೆಂದು ಕರೆಯುವುದು ಸುಲಭ, ಹಾಗೆ ನಡೆಸಿಕೊಳ್ಳುವುದು ಬೇರೆ.

2018 ಈ ತಂಡದ ವರ್ಷ. ಏಳು ಪಂದ್ಯಗಳ ಚುಟುಕು ಋತುವಿನಲ್ಲಿ ಐದು ಗೆದ್ದು ಪಟ್ಟಿಯ ತುದಿಗೇರಿದರು. ಬ್ರೂಕ್ ಲಾಕ್‌ಲ್ಯಾಂಡ್ ಕಾರ್ಲ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಗೋಲು ಹೊಡೆದಳು. ಹಿಂದೆ ವಿಕ್ಟೋರಿಯಾ ರಾಜ್ಯದ ಪರ ಕ್ರಿಕೆಟ್ ಕೂಡ ಆಡಿದ್ದ ಎಮ್ಮಾ ಕರ್ನಿ ನಡುಮೈದಾನದಲ್ಲಿ ನಿಂತು ಇಡೀ ಲೀಗ್‌ನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡಳು. ಆದರೆ ಫೈನಲ್‌ಗೆ ಮೊದಲು ನಾಯಕಿ ಬ್ರೆನನ್‌ಗೆ ನಿಷೇಧ. ಎದುರಾಳಿಯನ್ನು ಒರಟಾಗಿ ಕೆಡವಿದಳೆಂಬ ಆರೋಪ. ಋತುವಿನಲ್ಲಿ ಎರಡನೇ ಸಲವಾದ್ದರಿಂದ ಒಂದು ಪಂದ್ಯ ಹೊರಗೆ. ಪುರುಷರ ಲೀಗ್‌ನಲ್ಲಿ ಅದೇ ತಪ್ಪಿಗೆ ದಂಡ ಕಟ್ಟಿದರೆ ಮುಗಿಯುತ್ತಿತ್ತು. ಹೆಂಗಸರ ಸಂಬಳ ಕಡಿಮೆ, ದಂಡ ಹಾಕುವುದು ಸರಿಯಲ್ಲ ಎಂದು ಬರೆದಿಟ್ಟ ನಿಯಮ ಕೊನೆಗೆ ಅವರಿಗೇ ಮುಳುವಾಯಿತು. ಎರಡು ಮೇಲ್ಮನವಿಯೂ ಬಿದ್ದುಹೋದ ಮೇಲೆ ಬ್ರೆನನ್ ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗಕ್ಕೆ ಲಿಂಗ ತಾರತಮ್ಯದ ದೂರು ಕೊಟ್ಟಳು. ಜೀವನದ ದೊಡ್ಡ ಪಂದ್ಯ ಕಳೆದುಕೊಂಡ ದುಃಖವನ್ನು ನುಂಗಿ, ಮುಂದಿನವರಿಗೆ ಹೀಗಾಗಬಾರದೆಂದು ಪಟ್ಟು ಹಿಡಿದದ್ದು ದೊಡ್ಡತನ.

ಮಾರ್ಚ್ 24ರಂದು ಕಾರ್ಲ್ಟನ್‌ನ ಮೈದಾನದಲ್ಲಿ ಬ್ರಿಸ್ಬೇನ್ ವಿರುದ್ಧ ಫೈನಲ್. ಮಳೆ. ಒದ್ದೆ ಚೆಂಡು ಸಾಬೂನಿನಂತೆ ಕೈಯಿಂದ ಜಾರುತ್ತಿತ್ತು. ಹಿಡಿದು ನಿಲ್ಲುವುದಕ್ಕಿಂತ ಮುನ್ನುಗ್ಗಿ ಒದ್ದು ಜಾಗ ಗಳಿಸುವುದೇ ಲೇಸು ಎನ್ನುವಂಥ ದಿನ. ಪ್ರತಿ ಚೆಂಡಿನ ಮೇಲೂ ಮೂರು ನಾಲ್ಕು ಜನ ಒಟ್ಟಿಗೆ ಬೀಳುತ್ತಿದ್ದರು. ಎಲ್ಲೀ ಬ್ಲ್ಯಾಕ್‌ಬರ್ನ್ ನಾಯಕತ್ವ ವಹಿಸಿದ್ದಳು. ಬಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಲೀಗ್‌ನಲ್ಲೂ ಆಡುತ್ತಿದ್ದ 18ರ ಹುಡುಗಿ ಮೊನಿಕ್ ಕಾಂಟಿ ಆ ಗುಂಪುಗಳ ಅಡಿಯಿಂದ ಚೆಂಡು ಕಿತ್ತು, ಇಕ್ಕಟ್ಟಿನಲ್ಲಿ ಮೈ ತಿರುಗಿಸಿ ಹೊರಬರುತ್ತಿದ್ದ ಪರಿ ನೋಡಿದವರು ಮರೆಯುವುದಿಲ್ಲ. ಪಂದ್ಯದ ಅತ್ಯುತ್ತಮ ಆಟಗಾರ್ತಿ ಪದಕ ಅವಳಿಗೇ ಹೋಯಿತು. ಕೊನೆಯ ಸೈರನ್ ಕೂಗಿದಾಗ ಬುಲ್‌ಡಾಗ್ಸ್ 27, ಬ್ರಿಸ್ಬೇನ್ 21. ಆರೇ ಅಂಕದ ಗೆಲುವು. ಪುರುಷರ ತಂಡ ದೊಡ್ಡ ಲೀಗ್‌ಗೆ ಬಂದ ಮೇಲೆ 91 ವರ್ಷದಲ್ಲಿ ಗೆದ್ದದ್ದು ಎರಡು ಪ್ರಶಸ್ತಿ. ಹೆಂಗಸರು ಎರಡನೇ ವರ್ಷಕ್ಕೇ ಒಂದು ತಂದರು.

ಮರುವರ್ಷ ವಿಟನ್ ಓವಲ್ ಇಡೀ ದೇಶದ ಬಾಯಿಗೆ ಬಿದ್ದದ್ದು ಬೇರೆ ಕಾರಣಕ್ಕೆ. 2019ರ ಮಾರ್ಚ್ 17ರಂದು ಬುಲ್‌ಡಾಗ್ಸ್ ವಿರುದ್ಧದ ಪಂದ್ಯದಲ್ಲಿ ಕಾರ್ಲ್ಟನ್‌ನ ಟೇಲಾ ಹ್ಯಾರಿಸ್ ಗೋಲಿಗೆ ಒದ್ದ ಕ್ಷಣವನ್ನು ಛಾಯಾಗ್ರಾಹಕ ಮೈಕಲ್ ವಿಲ್ಸನ್ ಸೆರೆಹಿಡಿದ. ಒದ್ದ ಕಾಲು ತಲೆಯ ಮಟ್ಟಕ್ಕೆ ಏರಿದೆ, ಇಡೀ ದೇಹ ನೆಲ ಬಿಟ್ಟಿದೆ, ಕಣ್ಣು ಚೆಂಡು ಹೋದ ದಾರಿಯಲ್ಲಿದೆ. ಟಿವಿ ಸಂಸ್ಥೆ ಅದನ್ನು ಜಾಲತಾಣದಲ್ಲಿ ಹಾಕಿದಾಗ ಅಸಹ್ಯ ಮಾತುಗಳ ಹೊಳೆ ಹರಿಯಿತು. ಸಂಸ್ಥೆ ಆ ಮಾತು ಬರೆದವರನ್ನು ಬಿಟ್ಟು ಚಿತ್ರವನ್ನೇ ತೆಗೆದುಹಾಕಿತು. ಆಟಗಾರ್ತಿಯರು ಸಿಟ್ಟಾದರು, ಜನ ಸಿಟ್ಟಾದರು, ಸಂಸ್ಥೆ ಕ್ಷಮೆ ಕೇಳಿ ಚಿತ್ರವನ್ನು ಮರಳಿ ಹಾಕಿತು. ಹ್ಯಾರಿಸ್ ಸುಮ್ಮನಿರದೆ ಇದು ತನ್ನ ಕೆಲಸದ ಜಾಗದಲ್ಲಿ ನಡೆದ ಕಿರುಕುಳ ಎಂದು ನೇರವಾಗಿ ಹೇಳಿದಳು. ಅದೇ ಸೆಪ್ಟೆಂಬರ್‌ನಲ್ಲಿ ಆ ಒದೆತದ ಕಂಚಿನ ಪ್ರತಿಮೆ ಮೆಲ್ಬರ್ನ್‌ನ ಫೆಡರೇಷನ್ ಚೌಕದಲ್ಲಿ ನಿಂತಿತು. ಆ ಮಾರ್ಚ್ ಕೊನೆಗೆ ಅಡಿಲೇಡ್ ಓವಲ್‌ನ ಫೈನಲ್‌ಗೆ 53,034 ಜನ ಬಂದು 1929ರ ಸಂಖ್ಯೆಯನ್ನು ದಾಟಿದರು.

ಬುಲ್‌ಡಾಗ್ಸ್ ಪಾಲಿಗೆ ಅಷ್ಟರಲ್ಲಿ ಕಷ್ಟದ ದಿನ ಶುರುವಾಗಿತ್ತು. ಲೀಗ್ ಬೆಳೆಯುತ್ತಿದ್ದಂತೆ ಹೊಸ ಕ್ಲಬ್‌ಗಳು ಹಳೆಯ ತಂಡಗಳ ಆಟಗಾರ್ತಿಯರನ್ನು ಸೆಳೆದವು. ಕರ್ನಿ ನಾರ್ತ್ ಮೆಲ್ಬರ್ನ್‌ಗೆ ಹೋದಳು. ಬ್ರೆನನ್ ಮತ್ತು ಕಾಂಟಿ ರಿಚ್‌ಮಂಡ್‌ಗೆ. 2020ರಲ್ಲಿ ಕೋವಿಡ್‌ನಿಂದ ಋತು ನಡುವೆಯೇ ನಿಂತು ಯಾರಿಗೂ ಪ್ರಶಸ್ತಿ ಕೊಡಲಿಲ್ಲ. 2022ರ ಕೊನೆಗೆ 18 ಕ್ಲಬ್‌ಗಳಿಗೂ ಮಹಿಳಾ ತಂಡ ಬಂದವು. ಆ ಋತುವಿನಲ್ಲಿ ಬುಲ್‌ಡಾಗ್ಸ್ ನಾಕೌಟ್ ಹಂತ ಮುಟ್ಟಿದರೂ 2023ರಲ್ಲಿ ಹತ್ತು ಪಂದ್ಯಗಳಲ್ಲಿ ಒಂದೇ ಒಂದು ಗೆದ್ದರು. ಕೋಚ್ ನೇಥನ್ ಬರ್ಕ್ ಹೊರನಡೆದ. ಅವನ ಜಾಗಕ್ಕೆ ತಮಾರಾ ಹಯೆಟ್ ಬಂದಳು. 2018ರ ಋತುವಿಗೆ ತಂಡ ಸೇರಿದ್ದ ಡಿಯಾನಾ ಬೆರಿ 2024ರಲ್ಲಿ ನಾಯಕಿಯಾದಳು.

ಸಂಬಳ ಈಗ ಮೊದಲಿನಂತಿಲ್ಲ. 2022ರ ಒಪ್ಪಂದದಲ್ಲಿ ಕನಿಷ್ಠ ಸಂಬಳ 39,184 ಡಾಲರ್‌ಗೆ ಏರಿತು. 2023ರಲ್ಲಿ ಮೊದಲ ಬಾರಿಗೆ ಗಂಡಸರು, ಹೆಂಗಸರು ಒಂದೇ ಒಪ್ಪಂದದ ಕೆಳಗೆ ಬಂದರು; ಹನ್ನೆರಡು ತಿಂಗಳ ಕರಾರು ಸಿಕ್ಕಿತು, 2027ರ ಹೊತ್ತಿಗೆ ಸರಾಸರಿ 82,000 ಡಾಲರ್ ಎಂದು ನಿಗದಿಯಾಯಿತು. ಋತು ಮಾತ್ರ ಇನ್ನೂ ಚಿಕ್ಕದು: 2024ರಲ್ಲಿ ಹನ್ನೊಂದು ಪಂದ್ಯ, 2025ರಲ್ಲಿ ಹನ್ನೆರಡು, ಪುರುಷರಿಗೆ ಇಪ್ಪತ್ತಮೂರು. ಹದಿನಾಲ್ಕಕ್ಕೆ ಏರಬೇಕಾದರೆ ಪ್ರತಿ ಪಂದ್ಯಕ್ಕೆ ಸರಾಸರಿ 6,000 ಜನ ಮೈದಾನಕ್ಕೆ ಬರಬೇಕು, 1,00,000 ಜನ ಟಿವಿಯಲ್ಲಿ ನೋಡಬೇಕು ಎಂಬ ಷರತ್ತನ್ನು ಅದೇ ಒಪ್ಪಂದದಲ್ಲಿ ಸೇರಿಸಿದ್ದಾರೆ. ಪಂದ್ಯ ಹೆಚ್ಚಿದರೆ ತಾನೇ ಜನಕ್ಕೆ ಆಟಗಾರ್ತಿಯರ ಪರಿಚಯವಾಗುವುದು, ತಂಡದ ಮೇಲೆ ಮಮತೆ ಹುಟ್ಟುವುದು ಎಂದು ಆಟಗಾರ್ತಿಯರ ಕಡೆಯವರು ವಾದಿಸುತ್ತಲೇ ಇದ್ದಾರೆ. ಫುಟ್‌ಸ್ಕ್ರೇ ಪುರುಷರಿಗೆ 1925ರಲ್ಲಿ ದೊಡ್ಡ ಲೀಗ್‌ನ ಜಾಗ ಕೊಡುವಾಗ ಇಂಥ ಎಣಿಕೆಯನ್ನು ಯಾರೂ ಮುಂದಿಟ್ಟಿರಲಿಲ್ಲ. ಆಮೇಲೆ ದಶಕಗಟ್ಟಲೆ ಸೋತಾಗಲೂ ಅವರ ಪಂದ್ಯಗಳನ್ನು ಯಾರೂ ಕಡಿಮೆ ಮಾಡಲಿಲ್ಲ.